ಸೂಚಿಯ ಒಳಗಿನ ಪತ್ರಿಕೆ, ಸೂಚಿಯ ಹೊರಗಿನ ಪತ್ರಿಕೆ

(ಬಾನುಲಿ ಭಾಷಣ)

ಕನ್ನಡ ಅಧ್ಯಾಪನದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತನಾದವನೊಬ್ಬ ವೈದ್ಯಕೀಯ ಸಂಶೋಧನೆಯ ಪ್ರಕಟಣೆಯನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದುದರಿಂದ ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷದ ಆಷಾಢ. ಕುಂದಾಪುರದ ಕೋಡಿಯಲ್ಲಿರುವ ನಮ್ಮ ಮನೆಗೆ ಒಂದು ಬದಿಯಲ್ಲಿ ಕಡಲು, ಮತ್ತೊಂದು ಬದಿಯಲ್ಲಿ ಹೊಳೆ. ಮಳೆಗಾಲದಲ್ಲಿ ಈ ಎರಡರ ಸದ್ದಿನ ನಡುವೆ ಮಾತನಾಡಬೇಕಾದರೆ ಸ್ವರವನ್ನು ಏರಿಸಲೇಬೇಕು. ಅಂಥ ಒಂದು ಸಂಜೆ ನನ್ನ ಸೋದರ ಸೊಸೆ ಕೊಡೆ ಮಡಚಿಟ್ಟು ಚಾವಡಿಗೆ ಬಂದಳು. ಅವಳು ವೈದ್ಯೆ, ವೈದ್ಯಕೀಯ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ಮೂರು ಮಳೆಗಾಲಗಳಲ್ಲಿ ತಾನು ಕಂಡ ಇಲಿ ಜ್ವರದ ರೋಗಿಗಳ ವಿವರಗಳನ್ನೆಲ್ಲ ಕಲೆಹಾಕಿ ಲೇಖನವೊಂದನ್ನು ಸಿದ್ಧಪಡಿಸಿದ್ದಳು. ನಾಟಿಯ ಗದ್ದೆಗೆ ಇಳಿಯುವವರು, ತೋಡು ಹೂಳೆತ್ತುವವರು, ದನದ ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು – ಇವರೇ ಅವಳ ರೋಗಿಗಳು. ಯಾರು ಎಷ್ಟನೆಯ ದಿನ ಆಸ್ಪತ್ರೆಗೆ ಬಂದರು, ಯಾರ ಮೂತ್ರಪಿಂಡ ಸೋತಿತು, ಯಾರು ಉಳಿದರು ಎಂಬುದನ್ನೆಲ್ಲ ಜತನದಿಂದ ಬರೆದಿಟ್ಟಿದ್ದಳು.

"ಮಾವ, ಇದನ್ನ ಯಾವ್ದಕ್ಕೆ ಕಳ್ಸೂದ್? ನೀವೊಂಚೂರ್ ಕಾಣಿ" ಎಂದಳು.

"ನಂಗೆಂತ ಗೊತ್ತಿತ್ ಮಗಾ? ನಾನ್ ಕನ್ನಡದ ಮಾಷ್ಟ್ರ್."

"ಅದ್ಕೇ ಕೇಂಬುದ್. ನಮ್ಮವ್ರತ್ರ ಕೇಂಡ್ರೆ ಒಬ್ಬೊಬ್ರ್ ಒಂದೊಂದ್ ಹೇಳ್ತ್ರ್."

ಅವಳ ಮುಂದೆ ಮೂರು ದಾರಿಗಳಿದ್ದವು. ಒಂದು, ವೈದ್ಯರ ಸಂಘವೊಂದು ಹೊರಡಿಸುವ ಸಣ್ಣ ಪತ್ರಿಕೆ. ಅದು ಯಾವ ಸೂಚಿಯಲ್ಲಿಯೂ ಇಲ್ಲ. ಆದರೆ ಕರಾವಳಿಯ ಬಹಳಷ್ಟು ವೈದ್ಯರ ಮೇಜಿನ ಮೇಲೆ ಅದು ಬಂದು ಬೀಳುತ್ತದೆ. ಕೊಟ್ಟರೆ ಮುಂದಿನ ಸಂಚಿಕೆಯಲ್ಲಿಯೇ ಅಚ್ಚಾಗುತ್ತದೆ. ಎರಡನೆಯದು, ಸೂಚಿಬದ್ಧವಾದ ಒಂದು ಸಂಶೋಧನಾ ಪತ್ರಿಕೆ. ಅಲ್ಲಿ ತಜ್ಞರ ಪರಿಶೀಲನೆ, ತಿಂಗಳುಗಟ್ಟಲೆ ಕಾಯುವಿಕೆ, ಕೊನೆಗೆ ತಿರಸ್ಕಾರವೂ ಆಗಬಹುದು. ಮೂರನೆಯದು ತಾನಾಗಿಯೇ ಬಂದ ಒಂದು ಮಿಂಚಂಚೆ. "ಮಾನ್ಯ ಮಹನೀಯ ಸಂಶೋಧಕರೇ" ಎಂದು ಆರಂಭವಾಗಿದ್ದ ಆ ಪತ್ರ, ಒಂದು ವಾರದಲ್ಲಿ ಪ್ರಕಟಣೆ ಖಚಿತವೆಂದೂ ಪತ್ರಿಕೆ ಹತ್ತಾರು ಸೂಚಿಗಳಲ್ಲಿ ಸೇರಿದೆಯೆಂದೂ ಶುಲ್ಕ ಕೆಲವೇ ಸಾವಿರ ರೂಪಾಯಿಯೆಂದೂ ತಿಳಿಸಿತ್ತು. ಅವಳ ಬಡ್ತಿಗೆ ಸೂಚಿಬದ್ಧ ಪತ್ರಿಕೆಯ ಲೇಖನಗಳು ಬೇಕಾಗಿದ್ದುದರಿಂದ ಈ ಮೂರನೆಯದರ ಆಸೆಯೂ ಇತ್ತೆಂಬುದನ್ನು ಮುಚ್ಚಿಡಲಾರೆ.

ಇಂಡೆಕ್ಸ್ ಎಂದೊಡನೆ ನನ್ನಂಥವನಿಗೆ ನೆನಪಾಗುವುದು ಪುಸ್ತಕದ ಕೊನೆಯ ಅಕಾರಾದಿ. ಆದರೆ ಇಲ್ಲಿಯದು ಸಾವಿರಾರು ಪತ್ರಿಕೆಗಳ ಲೇಖನಗಳನ್ನು ಕರ್ತೃ, ವಿಷಯ, ವರ್ಷಗಳ ಪ್ರಕಾರ ಹುಡುಕಿ ತೆಗೆಯಲು ಅನುವಾಗುವಂತೆ ಕಟ್ಟಿದ ಮಹಾಸೂಚಿ. ನಮ್ಮ ಸಾಹಿತ್ಯದಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನವಿದೆ. 1907ರಲ್ಲಿ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ ಹೊರಬರುವ ಮುನ್ನ ನಮ್ಮ ಪ್ರಾಚೀನ ಕವಿಗಳು ಇರಲಿಲ್ಲವೇ? ಇದ್ದರು, ಮಠಗಳ, ಬಸದಿಗಳ, ಮನೆಗಳ ಅಟ್ಟದ ಮೇಲಣ ಓಲೆಗಟ್ಟುಗಳಲ್ಲಿ ಇದ್ದರು. ಯಾರು, ಯಾವಾಗ, ಏನು ಬರೆದರೆಂಬುದನ್ನು ಆರ್. ನರಸಿಂಹಾಚಾರ್ಯರು ಒಂದೆಡೆ ತಂದ ಮೇಲೆ ಹುಡುಕುವವನಿಗೆ ದಾರಿ ಸುಗಮವಾಯಿತು. ಕವಿಚರಿತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಕವಿ ದೊಡ್ಡವನಾಗುವುದಿಲ್ಲ. ಆದರೆ ಹೆಸರಿಲ್ಲದವನನ್ನು ಸಂಪಾದಕನು ಹುಡುಕಿಕೊಂಡು ಹೋಗುವ ಸಂಭವ ಕಡಿಮೆ. ವೈದ್ಯಕೀಯ ಸೂಚಿಯ ಶಕ್ತಿಯೂ ಮಿತಿಯೂ ಇಷ್ಟೇ ಎಂದು ನನಗೆ ಅನಿಸಿದೆ.

ವೈದ್ಯರ ಲೋಕದಲ್ಲಿ ಈ ಕೆಲಸವನ್ನು ಕೈಗೊಂಡವರು ಅಮೆರಿಕದ ಸೇನಾವೈದ್ಯ ಜಾನ್ ಶಾ ಬಿಲ್ಲಿಂಗ್ಸ್. ವಾಷಿಂಗ್ಟನ್ನಿನ ಸೇನಾ ವೈದ್ಯಾಧಿಕಾರಿಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಅವರು 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದರು. ಅದೇ ಗ್ರಂಥಾಲಯ ಇಂದಿನ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ಸೂಚಿ ಗಣಕಯಂತ್ರಕ್ಕೆ ಏರಿ 1971ರಲ್ಲಿ ಮೆಡ್‌ಲೈನ್ ಎಂಬ ಹೆಸರಿನಲ್ಲಿ ದೂರದಿಂದಲೇ ಹುಡುಕಲು ದೊರೆಯುವಂತಾಯಿತು. 1997ರಲ್ಲಿ ಪಬ್‌ಮೆಡ್ ಮೂಲಕ ಜಗತ್ತಿಗೆಲ್ಲ ಉಚಿತವಾಯಿತು. ಅಚ್ಚಿನ ಇಂಡೆಕ್ಸ್ ಮೆಡಿಕಸ್ 2004ರಲ್ಲಿ ನಿಂತಿತು. ಇದಲ್ಲದೆ ಎಂಬೇಸ್, ಸ್ಕೋಪಸ್, ಯಾವ ಲೇಖನವನ್ನು ಯಾರು ಉಲ್ಲೇಖಿಸಿದರೆಂದು ತೋರಿಸುವ ಸೈನ್ಸ್ ಸೈಟೇಶನ್ ಇಂಡೆಕ್ಸ್ – ಹೀಗೆ ಇನ್ನೂ ಹಲವಿವೆ. ಅವುಗಳ ವಂಶಾವಳಿ ನಮಗೆ ಈಗ ಬೇಡ.

ಸೂಚಿಯೊಳಗೆ ಇರುವುದರಿಂದ ಆಗುವ ಪ್ರಯೋಜನವೇನೆಂಬುದಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಕೊಲ್ಲೂರು ಘಾಟಿಯನ್ನೋ ಬಾಳೆಬರೆ ಘಾಟಿಯನ್ನೋ ಹತ್ತಿದರೆ ಸಿಗುವ ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿಯೇ ಅದು ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುತ್ತಿದ್ದ ಸುತ್ತಲಿನ ಹಳ್ಳಿಗರು ಜ್ವರ ಹಿಡಿದು ಮಲಗಿದರು. ಕೆಲವರು ಏಳಲೇ ಇಲ್ಲ. ಮಂಗಗಳ ಸಾವನ್ನು ಕಂಡು, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂದು ತಜ್ಞರು ಗಾಬರಿಗೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಕಾಡಿನ ಉಣ್ಣೆಗಳನ್ನೂ ಪರೀಕ್ಷಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ, ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸ್ ಎಂದು ತಿಳಿಯಿತು. ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಬರುವ ಮೆದುಳು ಜ್ವರದ ವೈರಸ್ಸಿಗೆ ಅದು ದಾಯಾದಿ.

ಈಗ ನಮ್ಮ ವಿಷಯಕ್ಕೆ ಬೇಕಾದ ಅಂಶವನ್ನು ಗಮನಿಸಬೇಕು. ಈ ತನಿಖೆಯ ಮೊದಲ ಸಂಕ್ಷಿಪ್ತ ವರದಿಯನ್ನು ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರು ಅದೇ 1957ರಲ್ಲಿ ಪ್ರಕಟಿಸಿದರು. ಎಲ್ಲಿ? ಲಂಡನ್ನಿನಲ್ಲಲ್ಲ, ನ್ಯೂಯಾರ್ಕಿನಲ್ಲಲ್ಲ, ಮುಂಬಯಿಯ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್' ಎಂಬ ಪತ್ರಿಕೆಯಲ್ಲಿ. ಪತ್ರಿಕೆ ನಮ್ಮದೇ ದೇಶದ್ದು. ಆದರೆ ಸೂಚಿಯ ಒಳಗಿನದು. ಸೂಚಿಬದ್ಧವೆಂದರೆ ವಿದೇಶೀ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ತಪ್ಪು ಗ್ರಹಿಕೆ. ನನ್ನ ಸೊಸೆಯೂ ಮೊದಲು ಹಾಗೆಯೇ ತಿಳಿದಿದ್ದಳು.

ಆ ಸಣ್ಣ ವರದಿಯ ಹಿಂದೆ ಇನ್ನೂ ದೊಡ್ಡ ಲೇಖನಗಳು ಬಂದವು. ಅಮೆರಿಕದ ಗ್ರಂಥಾಲಯ ತನ್ನ ಸೂಚಿಗಾಗಿ ಸಿದ್ಧಪಡಿಸಿದ ವಿಷಯಪದಗಳ ಪಟ್ಟಿಯಲ್ಲಿ 'ಕ್ಯಾಸನೂರು ಕಾಡಿನ ಕಾಯಿಲೆ' ಎಂಬುದು ಒಂದು ಅಧಿಕೃತ ಶೀರ್ಷಿಕೆಯಾಗಿ ಸೇರಿತು. ಸೊರಬದ ಒಂದು ಕಾಡಿನ ಹೆಸರು, ಕನ್ನಡದ ಒಂದು ಊರ ಹೆಸರು, ಜಗತ್ತಿನ ಯಾವ ವೈದ್ಯಕೀಯ ಗ್ರಂಥಾಲಯದಲ್ಲಿ ಕುಳಿತು ಹುಡುಕಿದರೂ ದೊರಕುವ ಪದವಾಯಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಆ ಹೆಸರಿನ ಸೊಗಸೇ ಬೇರೆ. ಆದರೆ ಸೂಚಿ ನೆನಪಿಟ್ಟುಕೊಂಡದ್ದು ಕಾಡಿನ ಹೆಸರನ್ನು.

ಈ ನೆನಪು ಉಪಯೋಗಕ್ಕೆ ಬಂದ ರೀತಿ ಸ್ವಾರಸ್ಯವಾದುದು. 1990ರ ದಶಕದ ನಡುವೆ ಸೌದಿ ಅರೇಬಿಯದ ಜೆಡ್ಡಾದಲ್ಲಿ ಕುರಿಗಳ ಸಂಪರ್ಕದಲ್ಲಿದ್ದ ಕೆಲವರಿಗೆ ರಕ್ತಸ್ರಾವದ ಜ್ವರವೊಂದು ಬಂತು. 1995ರಲ್ಲಿ ವೈರಸ್ ಸಿಕ್ಕಿತು. ಅಲ್ಖುರ್ಮ ಎಂದು ಹೆಸರಾಯಿತು. ಅದರ ನೆಂಟಸ್ತಿಕೆಯನ್ನು ತೂಗಿ ನೋಡಿದಾಗ ಅತಿ ಹತ್ತಿರದ ಬಂಧು ಎಂದು ಕಂಡದ್ದು ನಮ್ಮ ಕ್ಯಾಸನೂರಿನ ವೈರಸ್. ಮರುಭೂಮಿಯ ನಗರಕ್ಕೂ ಮಲೆನಾಡಿನ ಕಾಡಿಗೂ ಎಲ್ಲಿಯ ಸಂಬಂಧ! ಹುಡುಕುವವನ ಕೈಗೆ ಸಿಗುವಂತೆ ಯಾರೋ ಹಿಂದೆ ಬರೆದಿಟ್ಟಿದ್ದರೆಂಬ ಕಾರಣದಿಂದ ಆ ಸಂಬಂಧ ಗೊತ್ತಾಯಿತು. 1957ರ ಆ ಕೆಲಸವೆಲ್ಲ ಯಾವುದೋ ಇಲಾಖೆಯ ಕಪಾಟಿನ ಕಡತವಾಗಿ ಉಳಿದಿದ್ದರೆ ಜೆಡ್ಡಾದ ವೈದ್ಯರಿಗೆ ಅದು ಎಲ್ಲಿಂದ ಸಿಗಬೇಕು?

ಇಷ್ಟು ದೂರ ಹೋಗದೆ, ಈ ಕಾಯಿಲೆಯ ಲಸಿಕೆಯ ಕತೆಯನ್ನೇ ನೋಡಬಹುದು. 1982-83ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ ಮಂಗನ ಕಾಯಿಲೆ ಭೀಕರವಾಗಿ ಕಾಣಿಸಿಕೊಂಡಿತು. ಅದು ಸೊರಬದ ಕಾಯಿಲೆ ಮಾತ್ರವಲ್ಲವೆಂಬುದು ಕರಾವಳಿಯ ನಮಗೂ ಮನದಟ್ಟಾಯಿತು. ಕಾಡಂಚಿನ ಜನರಿಗೆ ಸರ್ಕಾರ ಲಸಿಕೆ ಹಾಕುತ್ತ ಬಂತು. ಆ ಲಸಿಕೆ ಎಷ್ಟು ಕೆಲಸ ಮಾಡುತ್ತಿದೆ? ಉತ್ತರ ಆರೋಗ್ಯ ಕೇಂದ್ರಗಳ ದಾಖಲೆ ಪುಸ್ತಕಗಳಲ್ಲಿಯೇ ಇತ್ತು. ಕೂಡಿ ಕಳೆದು ನೋಡುವವರು ಬೇಕಾಗಿತ್ತು. 2005ರಿಂದ 2010ರವರೆಗಿನ ಕರ್ನಾಟಕದ ಲೆಕ್ಕವನ್ನು ಹಿಡಿದು ಮಾಡಿದ ಅಧ್ಯಯನವೊಂದು 2013ರಲ್ಲಿ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಸೂಚಿಬದ್ಧ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಲಸಿಕೆಯ ಫಲ ನೂರಕ್ಕೆ 62.4, ಅದರ ಮೇಲೆ ಮತ್ತೊಂದು ಪೂರಕ ಸೂಜಿ ಆದವರಲ್ಲಿ 82.9. ಒಂದೇ ಸಲ ಹಾಕಿಸಿಕೊಂಡರೆ ಫಲವಿಲ್ಲ. ಊರಿನ ಆರೋಗ್ಯ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ಎಳೆದ ಗೀಟುಗಳು ಹೀಗೆ ಯಾರೂ ಅಲ್ಲಗಳೆಯಲಾರದ ಸಂಖ್ಯೆಗಳಾದವು. ಆ ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಹೊಸತೊಂದನ್ನು ರೂಪಿಸುವವರು ತಮ್ಮ ಕೆಲಸದ ಮೊದಲಲ್ಲಿ ಈ ಸಂಖ್ಯೆಗಳನ್ನು ನೋಡದೆ ಇರುವಂತಿಲ್ಲ.

ಸೊಸೆಯ ಇಲಿ ಜ್ವರದ ಚರಿತ್ರೆಯಲ್ಲಿಯೂ ಇಂಥದೇ ಪಾಠವೊಂದಿದೆ. ಅದನ್ನು ಅವಳೇ ನನಗೆ ಹೇಳಿದಳು. 1907ರಲ್ಲಿ ಅಮೆರಿಕದ ಸ್ಟಿಮ್ಸನ್ ಎಂಬ ವೈದ್ಯರು, ಹಳದಿ ಜ್ವರದಿಂದ ಸತ್ತನೆನ್ನಲಾದ ರೋಗಿಯ ಮೂತ್ರಪಿಂಡದಲ್ಲಿ ಪ್ರಶ್ನಾರ್ಥಕ ಚಿಹ್ನೆಯಂತೆ ತುದಿ ಬಾಗಿದ ಸೂಕ್ಷ್ಮಜೀವಿಗಳನ್ನು ಕಂಡು ಒಂದು ಟಿಪ್ಪಣಿ ಪ್ರಕಟಿಸಿದರು. ಶೀರ್ಷಿಕೆಯಲ್ಲಿ ಹಳದಿ ಜ್ವರವೆಂದಿತ್ತು. ಅದು ವಾಸ್ತವವಾಗಿ ಇಂದಿನ ಇಲಿ ಜ್ವರದ ಜೀವಿ. ಆದರೆ ಕಾಮಾಲೆಯೊಡನೆ ಬರುವ ಆ ಜ್ವರದ ಕಾರಣವನ್ನು ಅರಸುತ್ತಿದ್ದವರು ಹಳದಿ ಜ್ವರದ ಸಾಲಿನಲ್ಲಿ ಏಕೆ ಹುಡುಕಿಯಾರು? 1915ರಲ್ಲಿ ಜಪಾನಿನ ಇನಾಡಾ ಮತ್ತು ಇಡೊ ಅದನ್ನು ಹೊಸದಾಗಿ ಕಂಡುಹಿಡಿದು ಮೊದಲು ತಮ್ಮ ಭಾಷೆಯಲ್ಲಿ ಬರೆದರು. ಅದೇ ವರ್ಷ, ಮಹಾಯುದ್ಧದ ನಡುವೆ, ಜಪಾನಿನ ಸುದ್ದಿ ತಿಳಿಯದೆಯೇ ಜರ್ಮನಿಯ ವೈದ್ಯರು ತಮ್ಮ ಸೈನಿಕರಲ್ಲಿ ಅದೇ ಜೀವಿಯನ್ನು ಕಂಡರು. ಇನಾಡಾ ಬಳಗದ ಕೆಲಸ 1916ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಕತೆ ಲೋಕಕ್ಕೆ ಗೊತ್ತಾಯಿತು. ಸ್ಟಿಮ್ಸನ್ನರ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಜೀವಿಯ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ಉಳಿದಿದೆ. ಪತ್ರಿಕೆಯ ಆಯ್ಕೆಯಷ್ಟೇ ಶೀರ್ಷಿಕೆಯ ಆಯ್ಕೆಯೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ನಮ್ಮ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಕತೆಯೂ ಇದರ ಜೊತೆಗೆ ಸಲ್ಲುತ್ತದೆ. ಅದರ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು 1931ರಲ್ಲಿಯೇ 'ಇಂಡಿಯನ್ ಮೆಡಿಕಲ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ದೇಶದ ವೈದ್ಯರು ಓದಿದರು, ಬಳಸಿದರು. ಪಶ್ಚಿಮದ ವೈದ್ಯರು ಕಿವಿ ನಿಮಿರಿಸಿದ್ದು ಮುಂಬಯಿಯ ರುಸ್ತುಮ್ ಜಾಲ್ ವಕೀಲರು 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಬರೆದ ಮೇಲೆ. ಮೂರು ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಪ್ರಯೋಗಶಾಲೆಯೊಂದು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿತು. ನಡುವಿನ 18 ವರ್ಷಗಳಲ್ಲಿ ಆ ಮದ್ದು ಎಷ್ಟು ಜನರಿಗೆ ಸಿಗದೆ ಹೋಯಿತೆಂದು ಯಾರು ಲೆಕ್ಕವಿಡಬೇಕು?

ಹಾಗಾದರೆ ಪ್ರಸಿದ್ಧವಾದ ಸೂಚಿಬದ್ಧ ಪತ್ರಿಕೆಯಲ್ಲಿ ಅಚ್ಚಾಯಿತೆಂದರೆ ಎಲ್ಲವೂ ಆದಂತೆಯೇ? ಅದೂ ಇಲ್ಲ. ಕಲ್ಕತ್ತದ ಶಂಭುನಾಥ ಡೇ ಅವರು ಕಾಲರಾ ರೋಗಾಣು ಸ್ರವಿಸುವ ವಿಷವೇ ಕರುಳಿನ ನೀರನ್ನೆಲ್ಲ ಹೊರಗೆಳೆಯುತ್ತದೆಂದು ತೋರಿಸಿದ ಲೇಖನ 1959ರಲ್ಲಿ 'ನೇಚರ್'ನಲ್ಲಿ ಬಂತು. ಅದಕ್ಕಿಂತ ದೊಡ್ಡ ವೇದಿಕೆ ಯಾವುದಿದೆ? ಆದರೂ ಹಲವು ವರ್ಷಗಳ ಕಾಲ ಅದನ್ನು ಕೇಳಿದವರು ಕಡಿಮೆ. ಸ್ವದೇಶದಲ್ಲಂತೂ ಅವರಿಗೆ ಹೇಳಿಕೊಳ್ಳುವಂಥ ಮನ್ನಣೆಯೇ ದೊರೆಯಲಿಲ್ಲ. ಅವರು 1985ರಲ್ಲಿ ತೀರಿಕೊಂಡರು. ಮರುವರ್ಷ, ಸೈಟೇಶನ್ ಇಂಡೆಕ್ಸಿನ ಜನಕರಾದ ಯೂಜೀನ್ ಗಾರ್ಫೀಲ್ಡ್ ಅವರೇ ಡೇ ಅವರ ಕೆಲಸದ ಮಹತ್ತ್ವವನ್ನು ತೋರಿಸಿ ಲೇಖನ ಬರೆದರು. ಸೂಚಿ ದಾರಿ ತೋರಿಸಬಹುದು, ನಡೆಯುವವನು ಬೇಕು. ಇನ್ನು ಸೂಚಿಯೊಳಗಿನದೆಲ್ಲ ಸತ್ಯವೆಂದು ನಂಬುವವರು ಒಂದನ್ನು ನೆನೆಯಬೇಕು. ಮಕ್ಕಳ ಲಸಿಕೆಗೂ ಆಟಿಸಮ್ಮಿಗೂ ನಂಟು ಕಲ್ಪಿಸಿದ ಕುಖ್ಯಾತ ಲೇಖನ 1998ರಲ್ಲಿ ಬಂದದ್ದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ. ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ, 12 ವರ್ಷಗಳ ಮೇಲೆ.

ದಾರಿದೀಪವಾಗಿದ್ದ ಸೂಚಿ ನಮ್ಮಲ್ಲಿ ಮೊಹರಾಗಿ ಮಾರ್ಪಟ್ಟದ್ದು ಇತ್ತೀಚಿನ ವಿದ್ಯಮಾನ. ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ, ಅಧ್ಯಾಪಕರ ಬಡ್ತಿಗೆ ಸೂಚಿಬದ್ಧ ಪತ್ರಿಕೆಗಳ ಲೇಖನಗಳನ್ನು ಮಾತ್ರ ಪರಿಗಣಿಸುವುದಾಗಿ ಸ್ಪಷ್ಟಪಡಿಸಿ ಸೂಚಿಗಳ ಒಂದು ಪಟ್ಟಿಯನ್ನೂ ಕೊಟ್ಟಿತು. ಆ ಪಟ್ಟಿಯಲ್ಲಿದ್ದ ಕೆಲವು ಹೆಸರುಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರೇ ಆಕ್ಷೇಪವೆತ್ತಿದರು. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2022ರ ನಿಯಮಗಳಲ್ಲಿ ಪಟ್ಟಿ ಬದಲಾಯಿತು. 2025ರಲ್ಲಿ ನಿಯಮಾವಳಿ ಮತ್ತೊಮ್ಮೆ ಪರಿಷ್ಕೃತವಾಯಿತು. ಉದ್ದೇಶ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಹಗಲೆಲ್ಲ ಹೊರರೋಗಿ ವಿಭಾಗದಲ್ಲಿ ನಿಂತು, ಮಧ್ಯಾಹ್ನ ಪಾಠ ಹೇಳಿ, ರಾತ್ರಿ ಪಾಳಿ ಮಾಡುವ ವೈದ್ಯನಿಗೆ 'ಲೇಖನ ಬರೆ, ಇಲ್ಲವಾದರೆ ಇದ್ದಲ್ಲೇ ಇರು' ಎಂದರೆ ಅವನು ಹತ್ತಿರದ ದಾರಿ ಹುಡುಕುತ್ತಾನೆ. ಹತ್ತಿರದ ದಾರಿಯಲ್ಲಿ ಅಂಗಡಿ ತೆರೆಯುವವರೂ ಇರುತ್ತಾರೆ.

ಇಂಥ ಅಂಗಡಿಗಳನ್ನು ಕೊಲರಾಡೊ ವಿಶ್ವವಿದ್ಯಾನಿಲಯದ ಗ್ರಂಥಪಾಲಕ ಜೆಫ್ರಿ ಬೀಲ್ 'ಬೇಟೆಗಾರ ಪತ್ರಿಕೆ'ಗಳೆಂದು ಕರೆದರು. 2013ರಲ್ಲಿ ಜಾನ್ ಬೊಹಾನನ್ ಎಂಬವರು ಬೇಕೆಂದೇ ಎದ್ದುಕಾಣುವ ತಪ್ಪುಗಳನ್ನು ತುಂಬಿಸಿ, ಕಾಲ್ಪನಿಕ ಕರ್ತೃಗಳ ಹೆಸರಿನಲ್ಲಿ ಒಂದು ಔಷಧ ಲೇಖನವನ್ನು ಹೊಸೆದು 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಅದನ್ನು ಒಪ್ಪಿಕೊಂಡವು. ಅವುಗಳಲ್ಲಿ ಹಲವು ಪ್ರತಿಷ್ಠಿತ ಪಟ್ಟಿಯೊಂದರಲ್ಲಿ ಸೇರಿದ್ದವು ಎಂಬುದು ಗಮನಾರ್ಹ. ಇಂಥ ವ್ಯಾಪಾರದ ಬಗ್ಗೆ 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ನಮ್ಮ ನೆರೆರಾಜ್ಯದ ಪ್ರಕಾಶನ ಸಂಸ್ಥೆಯೊಂದರ ವಿರುದ್ಧ 5 ಕೋಟಿ ಡಾಲರಿಗೂ ಮೀರಿದ ಮೊತ್ತದ ತೀರ್ಪು ಕೊಟ್ಟಿತು. ಇದು ದೂರದ ಸುದ್ದಿಯಲ್ಲವೆಂಬುದನ್ನು ಸೊಸೆಗೆ ಬಂದ ಮಿಂಚಂಚೆಯೇ ಹೇಳುತ್ತಿತ್ತು.

ಆ ಸಂಜೆ ನಾವಿಬ್ಬರೂ ಕೂತು ಆ ಪತ್ರವನ್ನು ಒರೆಗೆ ಹಚ್ಚಿದೆವು. ಹಳೆಯ ಶಾಸನದ ಕಾಲವನ್ನು ನಿರ್ಣಯಿಸುವಾಗ ಶಾಸನ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಮಾತ್ರ ನಂಬಬಾರದೆಂದು ನಮ್ಮ ಗುರುಗಳು ಹೇಳುತ್ತಿದ್ದರು; ಇಲ್ಲಿಯೂ ಅದೇ ಸೂತ್ರ. ಪತ್ರಿಕೆ ತಾನು ಇಂಥ ಸೂಚಿಯಲ್ಲಿದ್ದೇನೆಂದು ಹೇಳಿಕೊಂಡರೆ ಸಾಲದು. ಆ ಸೂಚಿಯ ಸ್ವಂತ ಪಟ್ಟಿಯನ್ನೇ ತೆರೆದು ನೋಡಬೇಕು. ಮೆಡ್‌ಲೈನಿನಲ್ಲಿ ಯಾವ ಪತ್ರಿಕೆಗಳಿವೆಯೆಂದು ಅಮೆರಿಕದ ಗ್ರಂಥಾಲಯದ ಪಟ್ಟಿಯೇ ಯಾರಿಗೂ ಉಚಿತವಾಗಿ ತಿಳಿಸುತ್ತದೆ. ನೋಡಿದೆವು, ನಮ್ಮ ಮಿಂಚಂಚೆಯ ಪತ್ರಿಕೆ ಇರಲಿಲ್ಲ. ಅದು ಹೆಮ್ಮೆಯಿಂದ ಎತ್ತಿ ತೋರಿಸಿದ್ದ ಎಂಟು ಅಂಕೆಯ ಐಎಸ್ಎಸ್ಎನ್ ಸಂಖ್ಯೆ ಬರಿಯ ನೋಂದಣಿ. ಅದು ಗುಣದ ಸಾಕ್ಷಿಯಲ್ಲ, ನಮ್ಮ ಊರ ಯಾವುದೇ ಮಾಸಿಕವೂ ಅದನ್ನು ಪಡೆಯಬಹುದು. ಹೆಸರು ಕೇಳಿರದ ಸಂಸ್ಥೆಯೊಂದು ಕೊಟ್ಟ 'ಪ್ರಭಾವಾಂಕ'ವೂ ಅಂಥದೇ. ಕೆಲವೊಮ್ಮೆ ಒಳ್ಳೆಯ ಪತ್ರಿಕೆಯ ಹೆಸರನ್ನೇ ಕದ್ದು ಮತ್ತೊಬ್ಬರು ನಕಲಿ ಅಂಗಡಿ ಇಡುವುದೂ ಉಂಟಂತೆ. ನಕಲಿ ಪಂಪನ ಹೆಸರಿನಲ್ಲಿ ಕಾವ್ಯ ಮಾರಿದವರನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ನಮ್ಮ ಕ್ಷೇತ್ರವೇ ಮೇಲು.

ಪಬ್‌ಮೆಡ್ಡಿನಲ್ಲಿ ಲೇಖನ ಕಾಣಿಸಿದ ಮಾತ್ರಕ್ಕೆ ಪತ್ರಿಕೆ ಮೆಡ್‌ಲೈನಿಗೆ ಆಯ್ಕೆಯಾಗಿದೆಯೆಂದು ಅರ್ಥವಲ್ಲ ಎಂಬ ಸೂಕ್ಷ್ಮವನ್ನೂ ಅಂದೇ ತಿಳಿದೆ. ಪಬ್‌ಮೆಡ್ ದೊಡ್ಡ ಚಪ್ಪರ. ಮೆಡ್‌ಲೈನ್ ಅದರೊಳಗೆ, ತಜ್ಞರ ಸಮಿತಿ ಪತ್ರಿಕೆಯನ್ನು ತೂಗಿ ನೋಡಿ ಒಳಗೆ ಬಿಟ್ಟ ಒಂದು ಭಾಗ. ಚಪ್ಪರದೊಳಗೆ ಬರಲು ಬೇರೆ ಬಾಗಿಲುಗಳೂ ಇವೆ. ಹಣ ಕೇಳುವ ಪತ್ರಿಕೆಯೆಲ್ಲ ಕೆಟ್ಟದ್ದೆಂದೂ ಹೇಳುವಂತಿಲ್ಲ. ಓದುಗನಿಗೆ ಉಚಿತವಾಗಿ ದೊರೆಯಲೆಂದು ಲೇಖಕರಿಂದ ಲಕ್ಷ ರೂಪಾಯಿಗೂ ಮಿಕ್ಕಿ ಪಡೆಯುವ ಗೌರವಾನ್ವಿತ ಪತ್ರಿಕೆಗಳಿವೆ. ಬಿಡಿಕಾಸೂ ಕೇಳದ ಒಳ್ಳೆಯ ಪತ್ರಿಕೆಗಳೂ ಇವೆ. ಲೇಖನವನ್ನು ಓದುವ ಮುನ್ನವೇ ಒಪ್ಪಿಗೆಯ ಭರವಸೆ ಕೊಟ್ಟರೆ ಮಾತ್ರ ಅಲ್ಲಿ ಓದುವವರು ಯಾರೂ ಇಲ್ಲವೆಂದು ತಿಳಿಯಬೇಕು.

ಇನ್ನು ಉಳಿದದ್ದು ಸಂಘದ ಸಣ್ಣ ಪತ್ರಿಕೆ. ಅದರ ಬಗ್ಗೆ ಸೊಸೆಗೆ ಸ್ವಲ್ಪ ತಾತ್ಸಾರವಿತ್ತು. ಅಲ್ಲಿ ನನಗೂ ಅವಳಿಗೂ ಚರ್ಚೆಯೇ ಆಯಿತು. ಸೂಚಿಯ ಹೊರಗಿರುವುದೂ ಬೇಟೆಗಾರ ಪತ್ರಿಕೆಯಾಗಿರುವುದೂ ಒಂದೇ ಅಲ್ಲ. ಹೊಸದಾಗಿ ಹುಟ್ಟಿದ ಪ್ರತಿಯೊಂದು ಪತ್ರಿಕೆಯೂ ಸೂಚಿಯ ಹೊರಗೇ ಹುಟ್ಟುತ್ತದೆ. ಕೆಲವು ಕಾಲ ಪ್ರಾಮಾಣಿಕವಾಗಿ ನಡೆದು ತೋರಿಸಿದ ಮೇಲೆಯೇ ಒಳಗೆ ಪ್ರವೇಶ. ನಾನು ಕಂಡ ಸಾಹಿತ್ಯ ಪತ್ರಿಕೆಗಳಲ್ಲಿ ಅತ್ಯುತ್ತಮವಾದವು ಕೆಲವು, 300 ಪ್ರತಿ ಅಚ್ಚಾಗಿ, ಸಂಪಾದಕನ ಮಡದಿಯೇ ವಿಳಾಸ ಬರೆದು ಅಂಚೆಗೆ ಹಾಕಿದಂಥವು. ಅಷ್ಟಲ್ಲದೆ, ಆಷಾಢದ ಜಡಿಮಳೆಯಲ್ಲಿ ಮೈಕೈ ನೋವು, ಕೆಂಪಾದ ಕಣ್ಣು, ಜ್ವರ ಎಂದು ಬಂದ ಹೆಂಗಸಿಗೆ ಮಾಮೂಲು ಜ್ವರದ ಗುಳಿಗೆ ಕೊಟ್ಟು ಕಳುಹಿಸದೆ "ಗದ್ದೆಗೆ ಇಳಿದಿದ್ದಿರಾ, ಕಾಲಲ್ಲಿ ಗಾಯ ಇತ್ತಾ" ಎಂದು ಕೇಳಬೇಕಾದವನು ಯಾರು? ಬೈಂದೂರಿನ, ಶಂಕರನಾರಾಯಣದ, ಬ್ರಹ್ಮಾವರದ ಸಣ್ಣ ದವಾಖಾನೆಯ ವೈದ್ಯ. ಮೊದಲ ದಿನಗಳಲ್ಲಿಯೇ ಗುರುತಿಸಿದರೆ ಸಾಮಾನ್ಯ ಔಷಧಕ್ಕೇ ಬಗ್ಗುವ ರೋಗವಿದು. ತಡವಾದರೆ ಮೂತ್ರಪಿಂಡಕ್ಕೂ ಶ್ವಾಸಕೋಶಕ್ಕೂ ಕೈಯಿಕ್ಕುತ್ತದೆ. ಆ ವೈದ್ಯ ಪಬ್‌ಮೆಡ್ಡನ್ನು ಹುಡುಕುತ್ತ ಕೂರುವುದಿಲ್ಲ. ಸಂಘದ ಪತ್ರಿಕೆಯನ್ನು ಮಧ್ಯಾಹ್ನದ ಊಟದ ಮೇಲೆ ತಿರುವಿ ನೋಡುತ್ತಾನೆ.

"ಹಾಂಗಾರೆ ಎರಡಕ್ಕೂ ಕೊಡೂದಾ?" ಎಂದು ಅವಳು ಕೇಳಿದಳು.

ಅದೇ ಲೇಖನವನ್ನು ಎರಡು ಕಡೆ ಹಾಗೆಯೇ ಕೊಡುವುದು ದೋಷ. ಒಂದೇ ರೋಗಿಗಳನ್ನು ಎರಡು ಸಲ ಎಣಿಸಿದಂತಾಗಿ, ಮುಂದೆ ಎಲ್ಲ ಲೇಖನಗಳನ್ನು ಕೂಡಿಸಿ ತೂಗುವವನ ಲೆಕ್ಕವೇ ತಪ್ಪುತ್ತದೆ. ಆದರೆ 1978ರಲ್ಲಿ ವ್ಯಾಂಕೂವರಿನಲ್ಲಿ ಮೊದಲು ಸಭೆ ಸೇರಿದ ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಸೂಚನೆಗಳಲ್ಲಿ ಒಂದು ಅವಕಾಶವಿದೆ. ಎರಡೂ ಪತ್ರಿಕೆಗಳ ಸಂಪಾದಕರ ಒಪ್ಪಿಗೆ ಪಡೆದು, ಮೂಲ ಎಲ್ಲಿ ಬಂತೆಂಬುದನ್ನು ಸ್ಪಷ್ಟವಾಗಿ ನಮೂದಿಸಿ, ಬೇರೆ ಓದುಗರಿಗಾಗಿ, ಬೇರೆ ಭಾಷೆಯಲ್ಲಿಯೂ, ಅದನ್ನು ಮತ್ತೆ ಪ್ರಕಟಿಸಬಹುದು. ಮೂಲ ಮೊದಲು ಬರಬೇಕು. ಆದುದರಿಂದ ಹೊಸ ಸಂಗತಿಯುಳ್ಳ ಲೇಖನ ಸೂಚಿಬದ್ಧ ಪತ್ರಿಕೆಗೆ. ಅಲ್ಲಿ ಬಂದ ಮೇಲೆ ಅದರ ತಿರುಳು ಸಂಘದ ಪತ್ರಿಕೆಗೆ. ಬಡ್ತಿ ಇದ್ದರೂ ಇಲ್ಲದಿದ್ದರೂ ಈ ಕ್ರಮವೇ ಸರಿಯೆಂದು ನನಗೆ ತೋರಿತು. ರಕ್ತ ಕೊಟ್ಟವರು, ಪ್ರಶ್ನೆಗೆಲ್ಲ ತಾಳ್ಮೆಯಿಂದ ಉತ್ತರಿಸಿದವರು ಗದ್ದೆಯ ಕೂಲಿಯವರು. ಅವರಿಗೆ ಯಾವ ಬಡ್ತಿಯೂ ಇಲ್ಲ. ಅವರ ಕಷ್ಟದ ಲೆಕ್ಕ ಹುಡುಕುವವನ ಕೈಗೆ ಸಿಗದ ಕಡೆ ಹೋಗಿ ಬೀಳಬಾರದಷ್ಟೆ.

ಲೇಖನವನ್ನು ಮೊದಲು ಕಳುಹಿಸಿದ ಪತ್ರಿಕೆ ಎರಡು ತಿಂಗಳ ಮೇಲೆ ಹಿಂತಿರುಗಿಸಿತು. ಸೊಸೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲವೆಂದು ನನ್ನ ತಂಗಿ ಫೋನಿನಲ್ಲಿ ತಿಳಿಸಿದಳು. ಎರಡನೆಯ ಪತ್ರಿಕೆ ದಿಲ್ಲಿಯದು. ಅದರ ಪರಿಶೀಲಕರು ಒಂದಷ್ಟು ಪ್ರಶ್ನೆಗಳನ್ನು ಕೇಳಿದರು. ಗದ್ದೆಯವರೆಂದರೆ ಯಾವ ಕೆಲಸ ಮಾಡುವವರು, ನಾಟಿಯೋ ಕಳೆ ಕೀಳುವುದೋ, ಎಷ್ಟು ದಿನ ನೀರಿನಲ್ಲಿ ನಿಂತರು ಎಂದು ಬಿಡಿಸಿ ಬರೆಯಿರಿ ಎಂಬುದು ಅವುಗಳಲ್ಲಿ ಒಂದು. ಆ ಪ್ರಶ್ನೆ ಕೇಳಿದವರು ಯಾರೋ, ಯಾವ ಊರಿನವರೋ, ಗದ್ದೆಯನ್ನು ಬಲ್ಲವರಿರಬೇಕು. ಉತ್ತರ ಬರೆಯುವಾಗ ಲೇಖನವೇ ಮೊದಲಿಗಿಂತ ಉತ್ತಮವಾಯಿತೆಂದು ಅವಳೇ ಒಪ್ಪಿದಳು. ಶೀರ್ಷಿಕೆಯಲ್ಲಿ 'ಕರಾವಳಿ ಕರ್ನಾಟಕ' ಎಂದು ಸೇರಿಸಿಕೊಂಡಳು. ಅದು ಸ್ಟಿಮ್ಸನ್ನರ ಪ್ರಸಾದ. ಮಾಘದಲ್ಲಿ ಒಪ್ಪಿಗೆ ಬಂತು.

ಸಂಘದ ಪತ್ರಿಕೆಗಾಗಿ, ಸಂಪಾದಕರಿಬ್ಬರ ಒಪ್ಪಿಗೆಯೊಡನೆ, ಎರಡು ಪುಟಗಳ ಕನ್ನಡ ಬರೆಹವನ್ನು ಈಚೆಗೆ ನಾವಿಬ್ಬರೂ ಕೂಡಿ ಸಿದ್ಧಮಾಡಿದೆವು. ಲೆಪ್ಟೊಸ್ಪೈರೋಸಿಸ್ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ನಾನು ಇಲಿ ಜ್ವರವೆಂದು ತಿದ್ದಿದೆ. ಶೀರ್ಷಿಕೆಯಲ್ಲಿ ಮಾತ್ರ ಎರಡೂ ಹೆಸರುಗಳು ಇರಲೇಬೇಕೆಂದು ಅವಳು ಹಠ ಹಿಡಿದಳು. ನಾಳೆ ಹುಡುಕುವವನು ಯಾವ ಹೆಸರಿನಿಂದ ಹುಡುಕುತ್ತಾನೋ ಯಾರಿಗೆ ಗೊತ್ತು ಎಂದಳು. ಎರಡನ್ನೂ ಇಟ್ಟಿದ್ದೇವೆ.